ಸುಮಿತ್ರಾ ಮೇಡಂ ಕಾರಿಗೆ ಟಾಪ್ ಹೊಲಿದ ಬೇಸಿಗೆ

ಹೋದ ವಾರ ಭದ್ರಾವತಿಯ ಹಳೇನಗರದಲ್ಲಿ ಒಂದು ಪಂಕ್ಚರ್ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಒಳಗೆ ಯಾರೋ ರಬ್ಬರ್ ಸೊಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದರು. ಆ ವಾಸನೆ ನನಗೇನೂ ಹೊಸದಲ್ಲ, ಇಪ್ಪತ್ತು ವರ್ಷದಿಂದ ಅದರ ನಡುವೆಯೇ ಕೂತು ಹೊಲಿಯುತ್ತಿದ್ದೇನೆ. ಆದರೆ ಅವತ್ತು ಅದರ ಜೊತೆಗೆ ಪಕ್ಕದ ಮರದ ಮಿಲ್ಲಿನಿಂದ ಸಾಗುವಾನಿ ಹೊಟ್ಟಿನ ವಾಸನೆಯೂ ಬಂತು. ಎರಡೂ ಸೇರಿದ್ದೇ ತಡ, ಶಿವಮೊಗ್ಗ ಪಕ್ಕದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ತೆರೆದ ವರ್ಷದ ಬೇಸಿಗೆ ಇಡಿಯಾಗಿ ನೆನಪಿಗೆ ಬಂದು ನಿಂತಿತು. ಬಂದ ಬಸ್ಸನ್ನು ಬಿಟ್ಟು ಮುಂದಿನ ಬಸ್ಸಿಗೆ ಕಾದೆ.

ನಮ್ಮದು ಶಿವಮೊಗ್ಗದ ಎನ್.ಟಿ. ರಸ್ತೆಯಲ್ಲಿ ಒಂದು ಕುಶನ್ ಅಂಗಡಿ. ಬೈಕ್ ಸೀಟು, ಟ್ರ್ಯಾಕ್ಟರ್ ಸೀಟು, ಎಲ್ಲಕ್ಕಿಂತ ಹೆಚ್ಚಾಗಿ ಆಟೋ ಟಾಪು. ಅಂಗಡಿ ಅಣ್ಣ ಪ್ರಕಾಶನದು, ಹೊಲಿಗೆ ತಂಗಿಯಾದ ನನ್ನದು. ಬಂದವರ ಜೊತೆ ಮಾತಾಡುವುದು, ಕೆಲಸ ಒಪ್ಪುವುದು, ದಿನ ಹೇಳುವುದು ಎಲ್ಲ ಅವನೇ. "ನಾಳೆ ಸಂಜೆ ಬಂದು ತಗೊಂಡ್ ಹೋಗಿ" ಎಂದು ಧಾರಾಳವಾಗಿ ಹೇಳಿಬಿಡುತ್ತಿದ್ದ. ಆ ನಾಳೆ ಸಂಜೆ ಬಂದು ನನ್ನ ಸೊಂಟದ ಮೇಲೆ ಕೂರುತ್ತಿತ್ತು. ಅವನು ಊಟಕ್ಕೆ ಹೋದಾಗ ಬಂದವರು ಮಿಷನ್ ಹಿಂದೆ ಕೂತ ನನ್ನನ್ನು ನೋಡಿ "ಪ್ರಕಾಶಣ್ಣ ಇಲ್ವಾ?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಹಾಗೇ ತಿರುಗಿ ಹೋಗುತ್ತಿದ್ದರು. ಗೋಡೆಗೆ ಒರಗಿಸಿಟ್ಟ ರೆಕ್ಸಿನ್ ಸುರುಳಿಗೂ ನನಗೂ ಅವರ ಕಣ್ಣಿಗೆ ದೊಡ್ಡ ವ್ಯತ್ಯಾಸ ಇರಲಿಲ್ಲ. ನನಗೆ ಇದರ ಮೇಲೆ ಸಿಟ್ಟು ಇತ್ತು. ಎಷ್ಟೋ ವರ್ಷದ ಸಿಟ್ಟು ಅದು, ಒಂದೇ ದಿನದ್ದಲ್ಲ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಒಂದು ಹಳೆಯ ಹೆರಾಲ್ಡ್ ಕಾರು ಬಂದು ನಿಂತಿತು. ಎರಡೇ ಬಾಗಿಲು, ಹಾಲಿನ ಕೆನೆಯ ಬಣ್ಣ, ಮೇಲೆ ತಗಡಿನ ಬದಲು ಮಡಚಿ ಹಿಂದಕ್ಕೆ ಹಾಕಬಹುದಾದ ಬಟ್ಟೆಯ ಟಾಪು. ಟಾಪು ಎನ್ನುವುದು ಬರೀ ಹೆಸರಿಗೆ, ಅರ್ಧ ಹರಿದು ಜೋತು ಬಿದ್ದಿತ್ತು. ಇಳಿದವರು ಎಪ್ಪತ್ತು ದಾಟಿದ ಹೆಂಗಸು. ರವೀಂದ್ರನಗರದ ಸುಮಿತ್ರಾ ಮೇಡಂ, ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದವರು ಎಂದು ಆಮೇಲೆ ಗೊತ್ತಾಯಿತು. ಒಳಗೆ ಬಂದವರು ಪ್ರಕಾಶಣ್ಣ ಇದ್ದಾನಾ ಎಂದು ಕೇಳಲಿಲ್ಲ.

"ಆಟೋ ಟಾಪ್ ಹೊಲಿಯೋರು ಯಾರು ಇಲ್ಲಿ?" ಎಂದರು.

"ನಾನೇ."

"ನಿಮ್ಮ ಹೊಲಿಗೆ ನೋಡ್ದೆ, ನಮ್ಮ ಬೀದಿ ಆಟೋದಲ್ಲಿ. ಆರು ವರ್ಷ ಆಯ್ತಂತೆ, ಒಂದು ದಾರ ಬಿಟ್ಟಿಲ್ಲ. ಇದನ್ನ ಹೊಲೀತೀರಾ? ಎಲ್ಲರೂ ಬೆಂಗ್ಳೂರಿಗೆ ಕಳ್ಸಿ ಅಂತಾರೆ. ನಂಗೆ ನನ್ನ ಕಾರು ಬಿಟ್ಟು ಕೊಡೋ ಇಷ್ಟ ಇಲ್ಲ."

ನಾನು ಹೊರಗೆ ಹೋಗಿ ಕಾರಿನ ಸುತ್ತ ಎರಡು ಸುತ್ತು ಬಂದೆ. ಕಬ್ಬಿಣದ ಚೌಕಟ್ಟು ಗಟ್ಟಿಯಿತ್ತು. ಮುಂದಿನ ಗಾಜಿನ ಮೇಲೆ ಕೂರುವ ಮರದ ಪಟ್ಟಿ ಮತ್ತು ಹಿಂದಿನ ಮರದ ಕಮಾನು ಎರಡೂ ನೀರು ಕುಡಿದು ಪುಡಿಯಾಗಿದ್ದವು. ಅಂಥ ಕೆಲಸ ನಾನು ಜೀವನದಲ್ಲಿ ಮಾಡಿರಲಿಲ್ಲ. "ಹೊಲೀತೀನಿ" ಎಂದೆ.

ಅಣ್ಣ ಬಂದು ಕೇಳಿದವನು ತಲೆ ಮೇಲೆ ಕೈ ಹೊತ್ತುಕೊಂಡ. "ಮಾರಾಯ್ತಿ, ಆಟೋ ಬೇರೆ, ಇದು ಬೇರೆ. ಆ ಮೇಡಂ ತಲೆ ಮೇಲೆ ನೀರು ಬಿದ್ರೆ ರವೀಂದ್ರನಗರಕ್ಕೆಲ್ಲ ಗೊತ್ತಾಗುತ್ತೆ. ಯಾರನ್ನ ಕೇಳಿ ಒಪ್ಕೊಂಡೆ?"

ಆ ಕೊನೆಯ ಪ್ರಶ್ನೆ ನನ್ನನ್ನು ಕೆಣಕಿತು. ಅಲ್ಲೇ ಹೇಳಿಬಿಟ್ಟೆ, "ಯಾರನ್ನೂ ಕೇಳಿಲ್ಲ. ಒಂದು ಮಾತು ಕೇಳು ಅಣ್ಣ. ಈ ಟಾಪ್ ಮಳೇಲಿ ಒಂದು ಹನಿ ಸೋರದೆ ನಿಂತ್ರೆ, ಇನ್ಮೇಲೆ ಈ ಅಂಗಡೀಲಿ ಕೆಲಸ ಒಪ್ಪೋದು, ಬಿಡೋದು, ದಿನ ಹೇಳೋದು ನಾನು. ಸೋರಿದ್ರೆ ಬಾಯಿ ಮುಚ್ಕೊಂಡು ಮಿಷನ್ ತುಳೀತೀನಿ, ನೀನು ಹೇಳಿದ ನಾಳೆ ಸಂಜೆಗೇ ಕೊಡ್ತೀನಿ."

ಅವನು ನಕ್ಕ. ಒಪ್ಪಿದ್ದೂ ಆ ನಗುವಿನಲ್ಲೇ. ಗೆಲ್ಲುವುದು ತಾನೇ ಎಂದು ಅವನಿಗೆ ಗೊತ್ತಿತ್ತು. ನನಗೂ ಅರ್ಧ ಹಾಗೇ ಅನಿಸಿತ್ತು, ಆದರೆ ಅದನ್ನು ಮುಖದ ಮೇಲೆ ತರಲಿಲ್ಲ.

ಮೊದಲ ತೊಡಕು ಮರದ್ದು. ಶಿವಮೊಗ್ಗದ ಬಡಗಿಗಳು ಆ ಪಟ್ಟಿಯ ಬಾಗು ನೋಡಿಯೇ ಕೈ ಮುಗಿದರು. ಬಾಗಿಲು, ಮಂಚ ಎಂದರೆ ಸರಿ, ಹೀಗೆ ಎರಡು ಕಡೆಗೂ ಬಾಗಿದ ಮರ ಯಾರು ಮಾಡುತ್ತಾರೆ ಎಂದರು. ಅವರಲ್ಲೇ ಒಬ್ಬ ಭದ್ರಾವತಿಯ ಆರ್ಮುಗಂ ತಾತನ ಹೆಸರು ಹೇಳಿದ. ಕಬ್ಬಿಣದ ಕಾರ್ಖಾನೆಯಲ್ಲಿ ಪ್ಯಾಟರ್ನ್ ಮಾಡುತ್ತಿದ್ದವರು. ಯಾವ ಯಂತ್ರದ ಭಾಗ ಎರಕ ಹೊಯ್ಯಬೇಕೋ ಅದನ್ನು ಮೊದಲು ಮರದಲ್ಲಿ ಮಾಡಿಕೊಡುವುದು, ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆದು ಕರಗಿದ ಉಕ್ಕು ಹೊಯ್ಯುವುದು. ಮೂವತ್ತು ವರ್ಷಕ್ಕೂ ಹೆಚ್ಚು ಅದೇ ಕೆಲಸ ಮಾಡಿ ನಿವೃತ್ತರಾಗಿ, ಹಳೇನಗರದ ಮನೆಯ ಹಿಂದೆ ಒಂದು ಶೆಡ್ಡಿನಲ್ಲಿ ತೊಟ್ಟಿಲು, ಮಣೆ ಮಾಡಿಕೊಂಡಿದ್ದರು.

ಪುಡಿಯಾದ ಮರವನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋದೆ. ತಾತ ಚೀಲದೊಳಗೆ ಬಗ್ಗಿ ನೋಡಿ, "ಇದು ಮರ ಅಲ್ಲಮ್ಮಾ, ನಶ್ಯ. ಗಾಡಿ ತಗೊಂಡ್ ಬಾ. ಗಾಡಿ ನೋಡ್ದೆ ನಾನು ಏನೂ ಮಾಡಲ್ಲ" ಎಂದರು.

ಹಾಗಾಗಿ ಏಪ್ರಿಲ್ ಬಿಸಿಲಿನಲ್ಲಿ, ಟಾಪು ಪೂರ್ತಿ ಬಿಚ್ಚಿದ ಕಾರಿನಲ್ಲಿ ನಾವಿಬ್ಬರೂ ಬಿ.ಎಚ್. ರಸ್ತೆಯಲ್ಲಿ ಭದ್ರಾವತಿಗೆ ಹೊರಟೆವು. ಮೇಡಂ ಸೆರಗನ್ನು ತಲೆಗೆ ಕಟ್ಟಿ, ಕರಿ ಕನ್ನಡಕ ಹಾಕಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದಿದ್ದರು. ನಾನು ಕೊಡೆ ಬಿಚ್ಚಿದೆ, ಗಾಳಿಗೆ ತಿರುವಿಕೊಂಡಿತು, ಮುಚ್ಚಿಟ್ಟೆ. ಮಾಚೇನಹಳ್ಳಿಯ ಹತ್ತಿರ ಒಂದು ಬಸ್ಸು ನಮ್ಮ ಪಕ್ಕದಲ್ಲೇ ನಿಧಾನಕ್ಕೆ ಬಂತು, ಒಳಗಿದ್ದವರೆಲ್ಲ ಒಂದೇ ಕಡೆಗೆ ವಾಲಿ ನಮ್ಮನ್ನು ನೋಡಿದರು. "ನೋಡ್ಲಿ ಬಿಡಿ" ಎಂದರು ಮೇಡಂ, "ಬಸ್ಸಿನ ಟಿಕೇಟಲ್ಲೇ ಸಿನಿಮಾನೂ ಆಯ್ತು."

ತಾತನ ಕೆಲಸ ನೋಡುವುದೇ ಒಂದು ಚೆಂದ. ಮಾತು ಕಡಿಮೆ. ಸೊಂಟದ ಪಟ್ಟಿಯಿಂದ ಹಳೆಯ ಉಕ್ಕಿನ ಸ್ಕೇಲ್ ತೆಗೆದು ಕಾರಿನ ಮೇಲೆ ಇಡುವುದು, ಕಣ್ಣು ಕಿರಿದು ಮಾಡುವುದು, ಮರದ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆಯುವುದು. ಎರಡು ವಾರದಲ್ಲಿ ಸಾಗುವಾನಿಯ ಮುಂದಿನ ಪಟ್ಟಿ, ಹಿಂದಿನ ಕಮಾನು ಎರಡೂ ತಯಾರಾದವು. ಕೂರಿಸಿದಾಗ ಒಂದು ಉಗುರು ತೂರಿಸಲೂ ಸಂದಿ ಇರಲಿಲ್ಲ. ಅಂಥ ಲೆಕ್ಕದ ಕೈ ನೋಡಿ ನಾನು ಆಸೆಬುರುಕಿಯಾದೆ. "ತಾತ, ಬಟ್ಟೆಗೂ ನೀವೇ ಅಳತೆ ಹೇಳಿ, ಬರ್ಕೊಳ್ತೀನಿ" ಎಂದೆ. ಅವರು ಮುಂದಿನ ಪಟ್ಟಿಯಿಂದ ಹಿಂದಿನ ಕಮಾನಿನವರೆಗೆ ಸ್ಕೇಲನ್ನು ಹೆಜ್ಜೆ ಹೆಜ್ಜೆಯಾಗಿ ಇಟ್ಟು, "ನಾಲ್ಕಡಿ ಆರೂವರೆ ಇಂಚು" ಎಂದರು. ಬರೆದುಕೊಂಡೆ. ಅಡ್ಡ ಅಳತೆ ಮಾತ್ರ ಬದಿಗೆ ಇಳಿಯುವ ಬಟ್ಟೆಯ ಲೆಕ್ಕಕ್ಕೆ ನಾನೇ ಟೇಪಿನಲ್ಲಿ ತೆಗೆದೆ.

ಬಟ್ಟೆ ಚೆನ್ನೈನಿಂದ ಬಂತು. ಮೇಡಂ ಅವರ ಹಳೆಯ ವಿದ್ಯಾರ್ಥಿಯೊಬ್ಬ ಎಲ್ಲೋ ಗೋದಾಮಿನಲ್ಲಿ ಉಳಿದಿದ್ದ ಕೊನೆಯ ತುಂಡನ್ನು ಹುಡುಕಿ ಕಳಿಸಿದ್ದ. ಎರಡು ಪದರದ ದಪ್ಪ ಬಟ್ಟೆ, ನಡುವೆ ರಬ್ಬರ್. ಅದೇ ಬಣ್ಣ, ಅದೇ ದಪ್ಪ ಇನ್ನು ಸಿಗುವುದಿಲ್ಲ ಎಂದು ಚೀಟಿ ಬರೆದಿದ್ದ. ಅಂಗಡಿಯ ನೆಲ ಗುಡಿಸಿ, ಒರೆಸಿ, ಬಟ್ಟೆ ಹಾಸಿ, ನನ್ನ ಟೇಪಿನಲ್ಲಿ ನಾಲ್ಕಡಿ ಆರೂವರೆ ಇಂಚು ಗುರುತು ಹಾಕಿ, ಎರಡು ತುದಿಗೂ ಮಡಚಲು ಒಂದೊಂದು ಇಂಚು ಬಿಟ್ಟು ಮೇಲಿನ ಭಾಗವನ್ನು ಕತ್ತರಿಸಿದೆ. ಅಂಚು ಹೊಲಿದೆ. ಹಿಂದಿನ ಕಿಟಕಿ ಇರುವ ಭಾಗವನ್ನು ಆಮೇಲೆ ಕತ್ತರಿಸೋಣ ಎಂದು ಹಾಗೇ ಬಿಟ್ಟೆ.

ಮಾರನೆಯ ದಿನ ಕಾರಿನ ಮೇಲೆ ಎಳೆದು ನೋಡಿದರೆ ಬಟ್ಟೆ ಸಾಲದು.

ಮುಂದೆ ಸರಿಯಾಗಿ ಕೂರಿಸಿದರೆ ಹಿಂದಿನ ಕಮಾನು ಮುಟ್ಟುತ್ತಿರಲಿಲ್ಲ. ಅಳೆದೆ. ಒಂದು ಇಂಚು ಮತ್ತೆ ಒಂದು ನೂಲು, ಎಂದರೆ ಇಂಚಿನ ಎಂಟನೇ ಒಂದು ಪಾಲು, ಕಡಿಮೆ ಬಿದ್ದಿತ್ತು. ಅಳತೆ ಬರೆದ ಪುಸ್ತಕ ತೆಗೆದು ನೋಡಿದೆ, ಸರಿ ಇತ್ತು. ಬಟ್ಟೆ ಅಳೆದೆ, ಅದೂ ಸರಿ ಇತ್ತು. ಎರಡೂ ಸರಿ ಇದ್ದು ಬಟ್ಟೆ ಮಾತ್ರ ಚಿಕ್ಕದು. ಮಡಚಿ ಹೊಲಿದ ಅಂಚು ಬಿಚ್ಚೋಣವೆಂದರೆ ಸೂಜಿಯ ತೂತಿನಿಂದಲೇ ನೀರು ಇಳಿಯುತ್ತಿತ್ತು. ನನಗೆ ನಿಜವಾಗಿ ಅಳು ಬಂತು, ಅಣ್ಣ ಇದ್ದನೆಂದು ಹಲ್ಲು ಕಚ್ಚಿ ನಿಂತೆ.

ಅಣ್ಣ ಗೆದ್ದವನಂತೆ ಮಾತಾಡಲಿಲ್ಲ, ಅದನ್ನು ಒಪ್ಪಬೇಕು. "ಬಿಸಿ ಮಾಡಿ ಎಳೆದು ಮೊಳೆ ಹೊಡಿ. ಒಂದಿಂಚು ಏನ್ ಮಹಾ? ಯಾರಿಗೂ ಕಾಣಲ್ಲ" ಎಂದ.

"ಕಾಣಲ್ಲ. ಎರಡು ಮಳೆಗೆ ಮೊಳೆ ತೂತಿಂದ ಹರ್ಕೊಂಡು ಬರುತ್ತೆ. ಬೇಡ."

"ಹಾಗಾದ್ರೆ ಮೇಡಂಗೆ ಆಗಲ್ಲ ಅಂತ ಹೇಳು."

"ಅದನ್ನೂ ಹೇಳಲ್ಲ."

ಮೇಡಂಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ, ಮತ್ತೆ ಭದ್ರಾವತಿಗೆ ಹೋಗಬೇಕು ಎಂದೆ. ಅವರು "ನಾಳೆ ಎಂಟಕ್ಕೆ" ಎಂದರು.

ಶೆಡ್ಡಿನ ಮುಂದೆ ಕಾರು ನಿಲ್ಲಿಸಿ ತಾತನಿಗೆ ಇನ್ನೊಮ್ಮೆ ಅಳೆಯಲು ಹೇಳಿದೆ. ಅಳೆದರು. "ನಾಲ್ಕಡಿ ಆರೂವರೆ. ಅವತ್ತೂ ಅದೇ ಅಲ್ವಾ?" ಅದೇ ಜಾಗದಲ್ಲಿ ನಾನು ನನ್ನ ಟೇಪು ಹಿಡಿದೆ. ನಾಲ್ಕಡಿ ಏಳೂವರೆ, ಮೇಲೆ ಒಂದು ನೂಲು. ತಾತ ನನ್ನ ಟೇಪನ್ನು ನೋಡಿದರು, ನನ್ನನ್ನು ನೋಡಿದರು. ಮೇಡಂ ಮುಂದೆ ಬಂದು ಸ್ಕೇಲ್ ಮತ್ತು ಟೇಪು ಎರಡನ್ನೂ ಕಾರಿನ ಬಾನೆಟ್ಟಿನ ಮೇಲೆ ಪಕ್ಕಪಕ್ಕ ಇಟ್ಟರು. ತಾತನ ಸ್ಕೇಲಿನ ಒಂದು ಅಡಿ ನನ್ನ ಟೇಪಿನ ಒಂದು ಅಡಿಗಿಂತ ಎರಡು ನೂಲು ಉದ್ದ ಇತ್ತು.

ತಾತ ಕಾರಿನ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟರು.

"ಇದು ಕುಗ್ಗು ಸ್ಕೇಲಮ್ಮಾ" ಎಂದರು. "ಕರಗಿದ ಉಕ್ಕು ತಣ್ಣಗಾದ್ರೆ ಕುಗ್ಗುತ್ತೆ. ಅಚ್ಚು ಸರಿಯಾಗಿ ಒಂದಡಿ ಮಾಡಿದ್ರೆ ಬರೋ ಸಾಮಾನು ಒಂದಡಿಗೆ ಕಮ್ಮಿ ಆಗುತ್ತೆ. ಅದಕ್ಕೆ ನಮ್ಮ ಸ್ಕೇಲಲ್ಲೇ ಅಡೀನ ದೊಡ್ಡದು ಮಾಡಿ ಕೊಟ್ಟಿರ್ತಾರೆ. ನಾವು ಯೋಚ್ನೆ ಮಾಡೋ ಹಾಗೇ ಇಲ್ಲ, ಅಳೆದ್ರೆ ಸಾಕು."

ನನಗೆ ಆಗ ಎಲ್ಲ ತಿಳಿಯಿತು. ಮರ ಯಾಕೆ ಅಷ್ಟು ಚೆನ್ನಾಗಿ ಕೂತಿತು ಎಂದರೆ ಅವರು ಅಳೆದದ್ದೂ ಆ ಸ್ಕೇಲಿನಲ್ಲೇ, ಕೊಯ್ದದ್ದೂ ಆ ಸ್ಕೇಲಿನಲ್ಲೇ. ಮನೆಯ ತೊಟ್ಟಿಲು, ಮಣೆ ಎಲ್ಲವೂ ಹಾಗೇ. ಸ್ಕೇಲು ಒಂದೇ ಆದರೆ ಅಡಿ ಎಷ್ಟು ದೊಡ್ಡದಾದರೇನು? ಅವರ ಬಾಯಿಂದ ಹೊರಟ ಅಂಕಿ ನನ್ನ ಟೇಪಿಗೆ ಬಂದಾಗಲೇ ಕೆಟ್ಟದ್ದು.

ತಾತನ ಮುಖ ನೋಡಲಾಗುತ್ತಿರಲಿಲ್ಲ. "ನಾನು ನಿಮ್ಮಣ್ಣಂಗೆ ಹೇಳ್ತೀನಮ್ಮಾ. ತಪ್ಪು ನಂದು. ನಾನೇ ಬಂದು ಹೇಳ್ತೀನಿ."

ನಿಜ ಹೇಳಬೇಕೆಂದರೆ ಒಂದು ಗಳಿಗೆ ನನಗೂ ಆ ಆಸೆ ಬಂತು. ಒಬ್ಬ ಮುದುಕನ ಹಳೆಯ ಸ್ಕೇಲಿನ ಮೇಲೆ ಹಾಕಿಬಿಟ್ಟರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಕತ್ತರಿ ನನ್ನ ಕೈಯಲ್ಲಿತ್ತು. ಅಷ್ಟು ಅಪರೂಪದ ಬಟ್ಟೆಯನ್ನು ಇನ್ನೊಬ್ಬರು ಹೇಳಿದ ಅಳತೆಗೆ ಕತ್ತರಿಸುವ ಮೊದಲು ಕಾರಿನ ಮೇಲೆ ಒಮ್ಮೆ ಹಾಸಿ ನೋಡದವಳು ನಾನು. "ಯಾರಿಗೂ ಹೇಳೋದು ಬೇಡ ತಾತ" ಎಂದೆ. "ಕತ್ತರಿಸಿದ್ದು ನಾನು. ಈಗ ದಾರಿ ಹೇಳಿ. ಬಟ್ಟೆ ಬೆಳೆಯಲ್ಲ, ಮರ ಬೆಳೆಯುತ್ತಾ?"

ಅವರು ತಲೆಯೆತ್ತಿದರು. ಎದ್ದು ಹೋಗಿ ಹಿಂದಿನ ಕಮಾನಿನ ಮೇಲೆ ಹೆಬ್ಬೆರಳು ಓಡಿಸಿದರು. "ಬೆಳಸಬಹುದು" ಎಂದರು.

ಉಪಾಯ ಇಬ್ಬರದೂ ಸೇರಿ ಆಯಿತು. ಕಮಾನಿನ ಮುಂಬದಿಗೆ ಇನ್ನೊಂದು ಸಾಗುವಾನಿ ಪಟ್ಟಿ ಅಂಟಿಸಿ ತಿರುಪು ಹಾಕಿ ಅದನ್ನು ಅಗಲ ಮಾಡುವುದು. ಕಡಿಮೆ ಬಿದ್ದ ಮೇಲಿನ ಬಟ್ಟೆ ಆ ಪಟ್ಟಿಯವರೆಗೆ ಬಂದರೆ ಸಾಕು. ಇನ್ನೂ ಕತ್ತರಿಸದ ಹಿಂದಿನ ಭಾಗವನ್ನು ಅಷ್ಟು ಉದ್ದ ಮಾಡಿ ಅದರ ಕೆಳಗೆ ತೂರಿಸುವುದು. ಜೋಡಣೆಗೆ ನನ್ನ ಆಟೋದ ಮಡಿಕೆ ಹೊಲಿಗೆ, ಒಂದು ಅಂಚನ್ನು ಇನ್ನೊಂದರೊಳಗೆ ಮಡಚಿ ಎರಡು ಸಾಲು ಹೊಲಿಯುವುದು, ಜೇನುಮೇಣ ಸವರಿದ ದಾರದಲ್ಲಿ. ಮಲೆನಾಡಿನ ಮಳೆಯಲ್ಲಿ ದಿನವಿಡೀ ಓಡುವ ಆಟೋಗಳಿಗೆ ಇದನ್ನೇ ಹೊಲಿದು ಹೊಲಿದು ನನ್ನ ಬೆರಳು ಸವೆದಿದ್ದವು. ಬೆಂಗಳೂರಿನವರಿಗೆ ಇದು ಗೊತ್ತಿರಲಾರದು ಎಂದು ಆಗ ನನಗೆ ಮೊದಲ ಸಲ ಹೆಮ್ಮೆಯಾಯಿತು.

ಆ ಪಟ್ಟಿ ಮಾಡುವಾಗ ತಾತ ತಮ್ಮ ಸ್ಕೇಲು ಮುಟ್ಟಲಿಲ್ಲ. "ನಿನ್ ಟೇಪು ಹಿಡಿಯಮ್ಮಾ, ನೀನು ಹೇಳು, ನಾನು ಕೊಯ್ತೀನಿ" ಎಂದರು. ಎಪ್ಪತ್ತೆಂಟು ವರ್ಷದ ಆ ದೊಡ್ಡ ಕೆಲಸಗಾರ ನನ್ನ ಹಳದಿ ಟೇಪಿನ ಅಳತೆಗೆ ಕಾಯುತ್ತ ಗರಗಸ ಹಿಡಿದು ನಿಂತಿದ್ದರು. ನಾನು ಪ್ರತಿ ಅಳತೆಯನ್ನೂ ಎರಡೆರಡು ಸಲ ನೋಡಿಯೇ ಹೇಳಿದೆ.

ಜೂನ್ ಬರುವ ಹೊತ್ತಿಗೆ ಟಾಪು ಕೂತಿತು. ಹಿಂಭಾಗದ ಮೊಳೆ ಸಾಲಿನ ಮೇಲೆ ಪಟ್ಟಿ ಹೊದಿಸಿ, ಮುಂದಿನ ಮರಕ್ಕೂ ಗಾಜಿನ ಚೌಕಟ್ಟಿಗೂ ನಡುವೆ ಹಳೆಯ ರಬ್ಬರನ್ನೇ ತೊಳೆದು ಹಾಕಿದೆ. ರಬ್ಬರ್ ನೋಡಲು ಚೆನ್ನಾಗಿಯೇ ಇತ್ತು. ಅಣ್ಣ ಪೈಪು ತಂದು ಅರ್ಧ ಗಂಟೆ ನೀರು ಬಿಟ್ಟ. ಒಳಗೆ ಕೂತ ನನಗೆ ಒಂದು ತುಂತುರೂ ತಾಗಲಿಲ್ಲ. ಅವನು ಪೈಪು ಸುತ್ತಿಟ್ಟ. ಮೇಡಂ ಮಾತ್ರ ಒಪ್ಪಲಿಲ್ಲ, "ಪೈಪಿನ ನೀರು ಮೇಲಿಂದ ಬೀಳುತ್ತೆ. ಮಳೆ ಎದುರಿಂದ ಬರುತ್ತೆ. ಮಳೆ ಬರ್ಲಿ, ಆಮೇಲೆ ಹೇಳ್ತೀನಿ."

ಆ ವರ್ಷ ಮಳೆ ಹೊತ್ತಿಗೆ ಬರಲಿಲ್ಲ. ರೋಹಿಣಿ ಒಣಗಿ ಹೋಯಿತು, ಮೃಗಶಿರ ಮೋಡ ತೋರಿಸಿ ಮೋಸ ಮಾಡಿತು. ಊರಿನವರೆಲ್ಲ ತುಂಗೆಯ ನೀರು, ಕೆರೆಯ ನೀರು ಎಂದು ಚಿಂತೆ ಮಾಡುತ್ತಿದ್ದರೆ ನಾನೊಬ್ಬಳು ಒಂದು ಕಾರಿನ ಟಾಪಿಗಾಗಿ ಆಕಾಶ ನೋಡುತ್ತಿದ್ದೆ. ಕೊನೆಗೆ ಆರಿದ್ರಾ ಮಳೆ ಒಂದು ಮಧ್ಯಾಹ್ನ ಹಿಡಿದುಕೊಂಡಿತು. ಫೋನು ಮಾಡುವ ಮೊದಲೇ ಮೇಡಂ ಕಾರು ತಂದು ಅಂಗಡಿ ಮುಂದೆ ಹಾರ್ನ್ ಹೊಡೆದರು. ನಾನು ಮುಂದೆ ಕೂತೆ, ಅಣ್ಣ ಹಿಂದೆ ಕೂತ.

ಭದ್ರಾವತಿಯವರೆಗೆ ಗಾಳಿ ನಮ್ಮ ಬೆನ್ನಿಗಿತ್ತು. ಅಣ್ಣ ದಾರಿಯುದ್ದಕ್ಕೂ ಹಿಂದಿನ ಹೊಲಿಗೆಯ ಮೇಲೆ ಅಂಗೈ ಆಡಿಸುತ್ತಲೇ ಇದ್ದ, ಕೈ ಒಣಗಿಯೇ ಇತ್ತು. ಹಳೇನಗರದಲ್ಲಿ ತಾತ ಕೊಡೆ ಹಿಡಿದು ಬಂದು ಒಳಗೆ ತಲೆ ಹಾಕಿ, ತಾವು ಅಂಟಿಸಿದ ಪಟ್ಟಿಯನ್ನು ಮುಟ್ಟಿ, ಬೆರಳನ್ನು ಪಂಚೆಗೆ ಒರೆಸಿಕೊಂಡರು. ಒರೆಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ವಾಪಸು ಬರುವಾಗ ಮಳೆ ಎದುರಾಯಿತು. ಗಾಜಿನ ಮೇಲೆ ನೀರು ಬಕೆಟ್ಟಿನಲ್ಲಿ ಎರಚಿದ ಹಾಗೆ ಬೀಳುತ್ತಿತ್ತು. ಮಾಚೇನಹಳ್ಳಿ ಹತ್ತಿರ ಬಂದಾಗ ನನ್ನ ಎಡಗೈ ಮೇಲೆ ಏನೋ ತಣ್ಣಗಾಯಿತು. ನೋಡಿದೆ. ಒಂದು ಹನಿ. ಮುಂದಿನ ಮರದ ಪಟ್ಟಿಯ ಮೂಲೆಯಲ್ಲಿ, ಆ ಹಳೆಯ ರಬ್ಬರಿನ ಕೆಳಗೆ ಇನ್ನೊಂದು ಹನಿ ದಪ್ಪಗಾಗುತ್ತಿತ್ತು. ಮೇಡಂ ಕಣ್ಣು ರಸ್ತೆಯ ಮೇಲಿತ್ತು. ಹಿಂದೆ ಅಣ್ಣ "ಪರವಾಗಿಲ್ಲ ಕಣೇ, ಗೆದ್ದೆ" ಎನ್ನುತ್ತಿದ್ದ. ಹನಿ ಕಾಣದ ಹಾಗೆ ಮೂಲೆಗೆ ಕೈ ಒತ್ತಿ ಕೂತಿದ್ದರೆ ಸಾಕಿತ್ತು, ಶಿವಮೊಗ್ಗ ಇನ್ನು ಕಾಲು ಗಂಟೆಯ ದಾರಿ.

"ಮೇಡಂ, ಗಾಡಿ ನಿಲ್ಲಿಸಿ" ಎಂದೆ. "ಸೋರ್ತಿದೆ."

ಕಾರು ನಿಂತಿತು. ನಾನು ಮಳೆಯಲ್ಲೇ ಇಳಿದು ರಬ್ಬರನ್ನು ಒತ್ತಿ ನೋಡಿದೆ. ಮೇಲೆ ಮೆತ್ತಗಿದ್ದರೂ ಒಳಗೆ ಕಲ್ಲಾಗಿತ್ತು. ಅಣ್ಣನೂ ಇಳಿದು ಬಂದ. "ಇದು ಟಾಪಲ್ಲ, ರಬ್ಬರು" ಎಂದ.

"ಹಾಕಿದ್ದು ನಾನು ತಾನೇ? ಒಂದು ಹನಿ ಅಂದಿದ್ದೆ. ಬಿತ್ತು."

"ನೀನು ಹೇಳ್ದೆ ಇದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

"ಮುಂದಿನ ಮಳೇಲಿ ಮೇಡಂಗೆ ಗೊತ್ತಾಗ್ತಿತ್ತು" ಎಂದು ನೆನೆದ ಸೀರೆಯಲ್ಲೇ ಬಂದು ಕೂತೆ. ಮೇಡಂ ಗೇರ್ ಹಾಕುತ್ತ, "ರಬ್ಬರ್ ಬದಲಾಯಿಸಿ ಕೊಡಿ. ಬೇರೆಯವರ ಹತ್ರ ನಾನು ಹೋಗಲ್ಲ" ಎಂದರು. ಅದು ನನಗೆ ಸಮಾಧಾನ ಕೊಡಬೇಕಿತ್ತು, ಕೊಡಲಿಲ್ಲ.

ಎರಡು ದಿನದಲ್ಲಿ ಹೊಸ ರಬ್ಬರ್ ಕೂರಿಸಿದೆ. ಮತ್ತೊಂದು ಮಳೆಯಲ್ಲಿ ಮೇಡಂ ಒಬ್ಬರೇ ಶಂಕರಘಟ್ಟದವರೆಗೂ ಹೋಗಿ ಬಂದು, ಒಣಗಿದ ಸೀಟಿನ ಮೇಲೆ ಕೈಯಿಟ್ಟು ತೋರಿಸಿ, ಹೋದರು. ಆದರೆ ಸೋತ ಮಾತು ಸೋತದ್ದೇ. ನಾನು ಬಾಯಿ ಮುಚ್ಚಿಕೊಂಡು ಮಿಷನ್ ತುಳಿಯತೊಡಗಿದೆ. ಮನೆಯಲ್ಲಿ ಊಟ ಬಡಿಸುವಾಗಲೂ ಅಣ್ಣನ ಜೊತೆ ಮಾತು ಬೇಕಾದಷ್ಟೇ. ಇನ್ನು ಆಯುಷ್ಯವೆಲ್ಲ ಅವನ ನಾಳೆ ಸಂಜೆಗಳನ್ನು ಹೊಲಿಯುವುದೇ ಎಂದು ಮನಸ್ಸಿಗೆ ಹೇಳಿಕೊಂಡೆ. ಬಹಳ ನೋವಾಗಿತ್ತು.

ಆ ವಾರದ ಕೊನೆಗೆ ಸಾಗರದ ಕಡೆಯವರೊಬ್ಬರು ಜೀಪು ತಂದರು. ಟಾಪು ಪೂರ್ತಿ ಹೊಸದಾಗಬೇಕು, ಎರಡು ದಿನದಲ್ಲಿ ಬೇಕು. ಅಣ್ಣ ಅಂಗಡಿಯ ಬಾಗಿಲಲ್ಲೇ ನಿಂತಿದ್ದ. ಅವನ ಬಾಯಲ್ಲಿ ಬರುವ ಮಾತು ನನಗೆ ಮೊದಲೇ ಗೊತ್ತಿತ್ತು, ಸೊಂಟ ನೆಟ್ಟಗೆ ಮಾಡಿಕೊಂಡೆ.

"ನನ್ನ ಕೇಳ್ಬೇಡಿ" ಎಂದ ಅಣ್ಣ. "ಕೆಲಸ ಒಪ್ಪೋದು, ಬಿಡೋದು ನಮ್ಮ ರತ್ನ."

ಜೀಪಿನವರು ಒಳಗೆ ಇಣುಕಿ ನೋಡಿದರು. ನನ್ನ ಕಾಲು ಮಿಷನ್ನಿನ ಮೇಲೆ ಹಾಗೇ ನಿಂತಿತು.

"ನಾನು ಸೋತಿದ್ದೆ ಅಲ್ವಾ?" ಎಂದೆ ಅಣ್ಣನಿಗೆ, ಬಂದವರ ಎದುರಿಗೇ.

"ಹೌದು. ಆದ್ರೆ ಸೋರ್ತಿದೆ ಅಂತ ನೀನೇ ಹೇಳ್ದೆ. ನಾನಾಗಿದ್ರೆ ಹೇಳ್ತಿರ್ಲಿಲ್ಲ" ಎಂದು ಅವನು ಟೀ ತರಲು ಹೋದ.

ನಾನು ಎದ್ದು ಹೊರಗೆ ಬಂದು ಜೀಪಿನ ಸುತ್ತ ಒಂದು ಸುತ್ತು ಬಂದೆ. "ಎರಡು ದಿನಕ್ಕೆ ಆಗಲ್ಲ" ಎಂದೆ. "ಎಂಟು ದಿನ ಬೇಕು."

ಅವರಿಗೆ ಅಷ್ಟು ದಿನ ಕಾಯಲು ಆಗುವುದಿಲ್ಲವಂತೆ. ಜೀಪು ತಿರುಗಿಸಿಕೊಂಡು ಹೋದರು. ಅಣ್ಣ ಮೂರು ಲೋಟ ಟೀ ಹಿಡಿದು ಬಂದವನು ಖಾಲಿ ರಸ್ತೆ ನೋಡಿ, ಒಂದು ಲೋಟ ನನ್ನ ಕೈಗೆ ಕೊಟ್ಟ. ಒಂದು ಲೋಟ ಹೆಚ್ಚಾಗಿತ್ತು, ಅದನ್ನೂ ನಾನೇ ಕುಡಿದೆ.